ಸೂರ್ಯನ ಮಣೆ

ಸುಗುಣಳಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣುತ್ತಿರಲಿಲ್ಲ. ಆದರೂ ಐವತ್ತನೆಯ ವಯಸ್ಸಿನಲ್ಲಿ ಅವಳಿಗೆ ಸಿಕ್ಕ ಕೆಲಸ ಸೂರ್ಯನನ್ನು ನೋಡುವುದು. ದಿನಕ್ಕೆ ಐದು ಗಂಟೆ, ವಾರಕ್ಕೆ ಆರು ದಿನ. ‘ನೋಡುವುದು’ ಎಂಬ ಮಾತನ್ನು ಅವಳೆದುರು ಬಳಸಲು ಬೇರೆಯವರು ಹಿಂಜರಿಯುತ್ತಿದ್ದರು. ಅವಳಿಗೆ ಆ ಹಿಂಜರಿಕೆ ಇರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, “ಇವತ್ತೆಲ್ಲಾ ನೋಡ್ದೆ ಕನ್ರೀ. ಪಾಪ, ತಣ್ಣಗೆ ಮಲಗಿಕೊಂಡದೆ” ಎಂದು ಗಂಡ ಮಾದೇಶನಿಗೆ ವರದಿ ಒಪ್ಪಿಸುತ್ತಿದ್ದಳು. ಪಾಲಿಕೆಯ ಉದ್ಯಾನದಲ್ಲಿ ಮಾಲಿಯಾಗಿದ್ದ ಮಾದೇಶ ಅದೇ ಸೂರ್ಯನ ಕೆಳಗೆ ಇಡೀ ದಿನ ಬೆಂದು ಬಂದಿರುತ್ತಿದ್ದ. “ತಣ್ಣಗೆ ಮಲಗಿಕೊಂಡದಂತೆ! ನನ್ನ ಬೆನ್ನು ಮುಟ್ಟಿ ನೋಡಮ್ಮಿ” ಎಂದು ನಗುತ್ತಿದ್ದ.

ಅದಕ್ಕೆ ಮೊದಲು ಅವಳು ಇದ್ದದ್ದು ಮೈಸೂರಿನ ಒಂದು ಬ್ರೈಲ್ ಮುದ್ರಣಾಲಯದಲ್ಲಿ, ಕರಡು ತಿದ್ದುವ ಕೆಲಸದಲ್ಲಿ. ಇಪ್ಪತ್ತಮೂರು ವರ್ಷ ಉಬ್ಬುಚುಕ್ಕೆಗಳ ಮೇಲೆ ಬೆರಳಾಡಿಸುತ್ತ, ಎಲ್ಲಿ ಒಂದು ಚುಕ್ಕೆ ಸರಿಯಾಗಿ ಎದ್ದಿಲ್ಲ, ಎಲ್ಲಿ ಒಂದು ಹೆಚ್ಚಾಗಿದೆ ಎಂದು ಹೇಳುತ್ತಿದ್ದಳು. ಫೋನುಗಳೇ ಎಲ್ಲ ಪುಸ್ತಕಗಳನ್ನೂ ಓದಿ ಹೇಳುವ ಕಾಲ ಬಂದ ಮೇಲೆ ಬೆರಳಿನಿಂದ ಓದುವವರು ಕಡಿಮೆಯಾದರು, ಮುದ್ರಣಾಲಯಕ್ಕೆ ಬೀಗ ಬಿತ್ತು. ಎರಡು ವರ್ಷ ಕೆಲಸವಿಲ್ಲದೆ ಮನೆಯಲ್ಲಿದ್ದವಳನ್ನು ಹುಡುಕಿಕೊಂಡು ಒಂದು ದಿನ ಡಾಕ್ಟರ್ ಫಣೀಂದ್ರ ಬಂದರು. ನಂಜನಗೂಡು ರಸ್ತೆಯಲ್ಲಿ ಹೊಸದಾಗಿ ಎದ್ದಿದ್ದ ಸೌರ ಮುನ್ಸೂಚನಾ ಕೇಂದ್ರದ ವಿಜ್ಞಾನಿ ಅವರು.

“ನಮ್ಮಲ್ಲಿ ಕಣ್ಣುಗಳು ಬೇಕಾದಷ್ಟಿವೆ ಅಮ್ಮ,” ಎಂದರು ಅವರು ಮಾದೇಶ ಕೊಟ್ಟ ಕಾಫಿ ಕುಡಿಯುತ್ತ. “ನಮಗೀಗ ಒಳ್ಳೆಯ ಬೆರಳು ಬೇಕಾಗಿದೆ.”

ಆಮೇಲೆ ಅವರು ವಿವರಿಸಿದ್ದನ್ನು ಸುಗುಣ ತನ್ನದೇ ರೀತಿಯಲ್ಲಿ ಅರ್ಥಮಾಡಿಕೊಂಡಳು. ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ಆಚೆ, ಸೂರ್ಯನಿಗೆ ಮುಖ ಮಾಡಿ ‘ತರಣಿ’ ಎಂಬ ದೂರದರ್ಶಕ ನಿಂತಿದೆ. ಸೂರ್ಯನ ಮೈಯ ಬಿಸಿ ಐದೂವರೆ ಸಾವಿರ ಡಿಗ್ರಿ. ಅದರ ಮೇಲೆ ತೆಳ್ಳಗೆ ಹರಡಿಕೊಂಡಿರುವ ಹೊರಪದರಗಳ ಬಿಸಿಯಾದರೋ ಹತ್ತಿಪ್ಪತ್ತು ಲಕ್ಷ ಡಿಗ್ರಿ. ಒಲೆಯಿಂದ ದೂರ ಹೋದಷ್ಟೂ ಕಾವು ಹೆಚ್ಚುವ ವಿಚಿತ್ರ ಅದು. ಆ ಪದರಗಳು ಹೆಚ್ಚಾಗಿ ಅತಿನೇರಳೆ ಬೆಳಕನ್ನೇ ಚೆಲ್ಲುತ್ತವೆ. ಆ ಬೆಳಕನ್ನು ನಮ್ಮ ಗಾಳಿ ಕೆಳಗೆ ಬಿಡುವುದಿಲ್ಲ, ಬಿಟ್ಟರೂ ಯಾವ ಮನುಷ್ಯನ ಕಣ್ಣಿಗೂ ಅದು ಕಾಣುವುದಿಲ್ಲ. ಹದಿನಾಲ್ಕು ಲಕ್ಷ ಕಿಲೋಮೀಟರ್ ಅಗಲದ ಸೂರ್ಯನ ಮೇಲೆ ಮೂವತ್ತು ಕಿಲೋಮೀಟರ್ ದಪ್ಪದ ಒಂದು ಬೆಂಕಿಯ ಎಳೆಯನ್ನೂ ತರಣಿ ಬಿಡಿಸಿ ನೋಡಬಲ್ಲದು. ಎರಡು ಸೆಕೆಂಡಿಗೊಂದು ಚಿತ್ರ ಕಳಿಸುತ್ತದೆ.

“ಯಾರ್ಗೂ ಕಾಣ್ದೆ ಇರೋ ಬೆಳಕಾ ಸಾರ್?” ಎಂದು ಸುಗುಣ ಕೇಳಿದ್ದಳು.

“ಯಾರಿಗೂ ಕಾಣಲ್ಲ. ನಾವು ಅದಕ್ಕೆ ನೀಲಿ, ಹಳದಿ ಅಂತ ಬಣ್ಣ ಕೊಟ್ಟು ಪರದೆ ಮೇಲೆ ಹಾಕ್ಕೊಳ್ತೀವಿ, ಅಷ್ಟೆ.”

“ಹಂಗಾದ್ರೆ ನಾವೆಲ್ಲ ಒಂದೇ,” ಎಂದು ಅವಳು ಕೆಲಸಕ್ಕೆ ಒಪ್ಪಿದ್ದಳು.

ಅವಳಿಗೆಂದು ಮಾಡಿದ ಸಾಧನಕ್ಕೆ ಕಾಗದದಲ್ಲಿ ಉದ್ದನೆಯ ಹೆಸರಿತ್ತು. ಅವಳು ಅದನ್ನು ‘ಮಣೆ’ ಎಂದು ಕರೆದಳು, ಕೇಂದ್ರದವರೆಲ್ಲ ಹಾಗೇ ಕರೆಯತೊಡಗಿದರು. ಚಪಾತಿ ಮಣೆಯಷ್ಟಗಲದ ಲೋಹದ ತಟ್ಟೆ. ಅದರ ತುಂಬ ಕೂದಲೆಳೆಯಷ್ಟು ಸಣ್ಣ ಲಕ್ಷಾಂತರ ಮೊಳೆಗಳು. ತರಣಿಯ ಚಿತ್ರದಲ್ಲಿ ಬೆಳಕು ಹೆಚ್ಚಿದ್ದಲ್ಲಿ ಮೊಳೆ ಏಳುತ್ತಿತ್ತು, ಕಡಿಮೆಯಿದ್ದಲ್ಲಿ ಇಳಿಯುತ್ತಿತ್ತು, ಬೆಳಕು ಮಿಣುಗಿದರೆ ಅದಕ್ಕೆ ತಕ್ಕಂತೆ ಕಂಪಿಸುತ್ತಿತ್ತು. ದೊಡ್ಡ ಹೊಳಪಿನ ಪಕ್ಕದ ಸಣ್ಣ ಕಂಪನ ಕಣ್ಣಿಗೆ ತಪ್ಪಿಹೋಗುತ್ತದೆ, ಬೆರಳಿಗೆ ತಪ್ಪುವುದಿಲ್ಲ ಎಂಬುದು ಫಣೀಂದ್ರರ ಊಹೆ. ಆ ಊಹೆ ನಿಜವಾಯಿತು. ಆರು ತಿಂಗಳಲ್ಲಿ ಸುಗುಣಳ ಬೆರಳು ಸೂರ್ಯನಿಗೆ ಪಳಗಿತು. ಸುಮ್ಮನಿದ್ದ ಜಾಗಕ್ಕೆ ಅವಳು ‘ರವೆ’ ಎನ್ನುತ್ತಿದ್ದಳು. ಕಾಂತಶಕ್ತಿಯ ಎಳೆಗಳು ಒಂದಕ್ಕೊಂದು ಸುತ್ತಿಕೊಂಡ ಜಾಗಕ್ಕೆ ‘ಹುರಿ’. ಇನ್ನು ಮೂರನೆಯದೊಂದಿತ್ತು. ಹುರಿಯ ಬುಡದಲ್ಲಿ ಶುರುವಾಗುವ ಸಣ್ಣ ನಡುಕ. “ಹಾಲು ಉಕ್ಕೋಕೆ ಮುಂಚೆ ಪಾತ್ರೆ ಕಂಠ ಹಿಡ್ಕೊಂಡ್ರೆ ಗೊತ್ತಾಯ್ತದಲ್ಲ ಸಾರ್, ಹಂಗೆ” ಎಂದಿದ್ದಳು ಅವಳು. ಆ ನಡುಕ ಕಂಡ ಮೂರು ನಾಲ್ಕು ಗಂಟೆಗಳಲ್ಲಿ ಸೂರ್ಯನ ಆ ಭಾಗ ಸಿಡಿಯುತ್ತಿತ್ತು.

ಕೇಂದ್ರದ ಯಂತ್ರವೂ ಸಿಡಿತದ ಮುನ್ಸೂಚನೆ ಕೊಡುತ್ತಿತ್ತು. ಆದರೆ ಬರೀ ನಲವತ್ತು ನಿಮಿಷ ಮುಂಚೆ. ಯಂತ್ರಕ್ಕೆ ಆ ಸಣ್ಣ ನಡುಕವನ್ನು ಕಲಿಸೋಣವೆಂದರೆ ಉದಾಹರಣೆಗಳು ಸಾಲದಿದ್ದವು. ಸುಗುಣ ಗುರುತಿಸಿದ ಒಂದೊಂದನ್ನೇ ಕೂಡಿಹಾಕಿ ಅದಕ್ಕೆ ಪಾಠ ಹೇಳುತ್ತಿದ್ದರು.

ನಲವತ್ತು ನಿಮಿಷ ಭೂಮಿಯ ಮೇಲಿರುವವರಿಗೆ ಸಾಕು. ನಮಗೆ ಗಾಳಿಯ ಹೊದಿಕೆಯಿದೆ, ಕಾಂತಶಕ್ತಿಯ ಕೊಡೆಯಿದೆ. ಚಂದ್ರನ ಮೇಲೆ ಎರಡೂ ಇಲ್ಲ. ಅಲ್ಲಿನ ದಕ್ಷಿಣ ಧ್ರುವದ ಶಿಬಿರದಲ್ಲಿ ಆಗ ಹದಿನಾಲ್ಕು ಜನರಿದ್ದರು. ಸೂರ್ಯ ಜೋರಾಗಿ ಸಿಡಿದರೆ ಇಪ್ಪತ್ತು ನಿಮಿಷಕ್ಕೆ ಕಣಗಳ ಸುರಿಮಳೆ ಚಂದ್ರನನ್ನು ಮುಟ್ಟುತ್ತಿತ್ತು. ನೆಲದಡಿಯ ಮನೆಯಲ್ಲಿದ್ದವರಿಗೆ ಏನೂ ಆಗದು. ಬಯಲಲ್ಲಿ ಸಿಕ್ಕವರು ಬದುಕುವುದು ಕಷ್ಟ. ಹಾಗಾಗಿ ಅಲ್ಲಿ ಯಾರಾದರೂ ವಾಹನ ಹತ್ತಿ ದೂರ ಹೋದ ದಿನ ಇಲ್ಲಿ ಸುಗುಣ ಮಣೆಯ ಮುಂದೆ ಕೂರಲೇಬೇಕಿತ್ತು.

ಜನವರಿಯಲ್ಲಿ ಅವಳು ಒಂದು ತಪ್ಪು ಎಚ್ಚರಿಕೆ ಕೊಟ್ಟಳು. ಚಂದ್ರನ ಮೇಲೆ ಅನ್ವಿತಾ ಎಂಬ ಎಂಜಿನಿಯರ್ ಒಂದು ಕುಳಿಯ ಅಂಚಿನಲ್ಲಿ ನೆಲದ ಕಂಪನ ಅಳೆಯುವ ಉಪಕರಣ ಹೂಳುತ್ತಿದ್ದಳು. ಸುಗುಣ “ನಡುಕ ಅದೆ” ಎಂದ ಕೂಡಲೇ ಅವಳನ್ನು ವಾಪಸು ಕರೆಸಿದರು. ಸೂರ್ಯ ಸಿಡಿಯಲಿಲ್ಲ. ಅರ್ಧಕ್ಕೆ ಬಿಟ್ಟು ಬಂದ ಉಪಕರಣ ಚಂದ್ರನ ಚಳಿಗೆ ಸತ್ತುಹೋಯಿತು. ಅದು ಅನ್ವಿತಾಳ ಮೂರು ವರ್ಷದ ಕೆಲಸ. “ಯಾರೋ ಬೆರಳಲ್ಲಿ ಮುಟ್ಟಿ ಹೇಳಿದ್ರಂತೆ, ನಾನು ಓಡಿ ಬರಬೇಕಂತೆ!” ಎಂದು ಅವಳು ರೇಡಿಯೋದಲ್ಲಿ ಅತ್ತಿದ್ದನ್ನು ಸುಗುಣ ಕೋಣೆಯಲ್ಲೇ ಕೂತು ಕೇಳಿಸಿಕೊಂಡಿದ್ದಳು. ಅಂದಿನಿಂದ ಮೇಲಿನವರು ಹೊಸ ನಿಯಮ ಮಾಡಿದರು: ಬೆರಳಿನ ಮಾತನ್ನು ಯಂತ್ರವೂ ಒಪ್ಪಬೇಕು, ಇಲ್ಲವಾದರೆ ಪಾಳಿಯ ವಿಜ್ಞಾನಿ ತನ್ನ ಸ್ವಂತ ಹೊಣೆಯಲ್ಲಿ ಸಹಿ ಹಾಕಬೇಕು.

ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಸುಗುಣ ದೋಸೆಗೆ ಕಾವಲಿ ಇಟ್ಟಿದ್ದಳು. ಕಾದಿದೆಯೇ ಎಂದು ತಿಳಿಯಲು ಅದರ ಮೇಲೆ ಅರ್ಧ ಗೇಣು ಎತ್ತರದಲ್ಲಿ ಕೈ ಹಿಡಿಯುವುದು ಅವಳ ಹಳೆಯ ರೂಢಿ. ಹಿತ್ತಿಲ ಬಾಗಿಲಲ್ಲಿ ಕೂತು ಗುಲಾಬಿ ಕಡ್ಡಿ ಸವರುತ್ತಿದ್ದ ಮಾದೇಶ ಮೂಗು ಅರಳಿಸಿದ.

“ಅಮ್ಮಿ, ಏನೋ ಸೀಯ್ತಾ ಅದೆ.”

“ದೋಸೆ ಇನ್ನೂ ಹುಯ್ದೇ ಇಲ್ಲ ಕನ್ರೀ.”

ಅವನು ಒಳಗೆ ಬಂದು ನೋಡಿದ. ಅವಳ ಬಲಗೈಯ ಎರಡು ಬೆರಳ ತುದಿ ಕಾವಲಿಯ ಅಂಚಿಗೆ ಒತ್ತಿಕೊಂಡಿದ್ದವು. ಅವಳು ಶಾಂತವಾಗಿ ಎಡಗೈಯಲ್ಲಿ ಸೌಟು ಹುಡುಕುತ್ತಿದ್ದಳು.

ಮಾದೇಶ ಅವಳ ಕೈ ಎಳೆದುಕೊಂಡು ನೀರಿನ ಕೊಡಕ್ಕೆ ಅದ್ದಿದ. ಹಿತ್ತಿಲಿಗೆ ಹೋಗಿ ಲೋಳೆಸರದ ಎಲೆ ಮುರಿದು ತಂದು, ಸೀಳಿ, ಅದರ ತಂಪನ್ನು ಬೊಬ್ಬೆ ಏಳುತ್ತಿದ್ದ ಜಾಗಕ್ಕೆ ಸವರುತ್ತ ಅವನು ಕೇಳಿದ, “ಯಾವತ್ತಿಂದ?”

“ಕಾಲು ಮೊದ್ಲೇ ಹೋಗಿತ್ತು. ಕೈ, ದೀಪಾವಳಿಯಿಂದ.” ಅವಳಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಯಿತ್ತು. “ಒಂದೊಂದು ದಿನ ಚೆನ್ನಾಗೇ ಇರ್ತದೆ. ಒಂದೊಂದು ದಿನ ಇರುವೆ ಹರದಂಗೆ ಜುಮುಜುಮು ಅಂತದೆ. ಒಂದೊಂದು ದಿನ ಏನೂ ಇಲ್ಲ, ಬೆರಳಿಗೆ ಬಟ್ಟೆ ಸುತ್ತಿದಂಗೆ.”

“ಜನವರೀಲಿ ನೀ ಹೇಳಿದ್ದು ಸುಳ್ಳಾಯ್ತಲ್ಲ, ಅದು...”

“ಗೊತ್ತಿಲ್ಲ. ಸೂರ್ಯ ನಡುಗ್ತೋ, ನನ್ನ ಕೈಯೇ ಜುಮುಗುಟ್ತೋ. ಆವತ್ತಿಂದ ಅದೇ ಯೋಚ್ನೆ ಕನ್ರೀ ನಂಗೆ.”

“ಅವರಿಗೆ ಹೇಳ್ಬುಡಮ್ಮಿ.”

“ಹೇಳುದ್ರೆ ಮನೇಲಿ ಕೂರಬೇಕಾಯ್ತದೆ.” ಅವಳು ಕೈ ಹಿಂದಕ್ಕೆಳೆದುಕೊಂಡಳು. “ನಿಮಗೆ ಕಣ್ಣದೆ, ಕಾಲದೆ, ಕೆಲಸದೆ. ಈ ಬೆರಳು ಬುಟ್ರೆ ನನ್ನತ್ರ ಏನದೆ ಹೇಳಿ? ಪುಸ್ತಕ ಇದರಲ್ಲೇ ಓದ್ದೆ. ನಿಮ್ಮ ಮುಖಾನೂ ಇದರಲ್ಲೇ ನೋಡ್ದೆ.”

ಮಾದೇಶ ಅವಳ ಕೈಯನ್ನು ತನ್ನ ಒರಟು ಅಂಗೈಯಲ್ಲಿಟ್ಟುಕೊಂಡು ಕೂತ. “ಅಲ್ಲಿ ಚಂದ್ರನ ಮೇಲಿರೋ ಆ ಹೆಣ್ಣುಮಗಳೂ ಯಾರ ಮನೆ ಕೂಸೋ ಅಮ್ಮಿ” ಎಂದಷ್ಟೇ ಹೇಳಿದ.

“ನಾಳೆ ಹೇಳ್ತೀನಿ,” ಎಂದಳು ಸುಗುಣ.

ಸೋಮವಾರ ಬೆಳಿಗ್ಗೆ ಕೇಂದ್ರದ ಬಾಗಿಲು ದಾಟುವಾಗಲೂ ಅವಳು ಆ ಮಾತನ್ನೇ ಬಾಯಲ್ಲಿ ಹೊಂದಿಸಿಕೊಳ್ಳುತ್ತಿದ್ದಳು. ಆದರೆ ಫಣೀಂದ್ರ ಎದುರಿಗೇ ಬಂದರು. ಅವರ ಹೆಜ್ಜೆ ಅವಸರದಲ್ಲಿತ್ತು.

“ಬನ್ನಿ ಅಮ್ಮ, ನಿಮ್ಮನ್ನೇ ಕಾಯ್ತಿದ್ದೆ. ಅನ್ವಿತಾ, ಅವಳ ಜೊತೆಗಾರ ಇರ್ಫಾನ್ ಇಬ್ಬರೂ ಬೆಳಿಗ್ಗೆ ಐದಕ್ಕೇ ಹೊರಟಿದ್ದಾರೆ. ತೊಂಬತ್ತು ಕಿಲೋಮೀಟರು. ಹೋದ ಸಲ ಹಾಳಾಯ್ತಲ್ಲ, ಅದರ ಬದಲಿ ಉಪಕರಣ. ಮೂರೂವರೆ ಗಂಟೆ ದಾರಿ. ಇವತ್ತು ಸ್ವಲ್ಪ ಗಮನ ಕೊಟ್ಟು ನೋಡಿ.” ಆಮೇಲೆ ಅವಳ ಕೈಯ ಪಟ್ಟಿ ಕಂಡು, “ಇದೇನಾಯ್ತು?” ಎಂದರು.

“ದೋಸೆ ಹುಯ್ವಾಗ ತಾಕ್ತು ಸಾರ್,” ಎಂದಳು ಸುಗುಣ. ಬಾಯಲ್ಲಿದ್ದ ಮಾತು ಅಲ್ಲೇ ಉಳಿಯಿತು. ಅವಳ ಬದಲು ಕೂರಲು ಯಾರೂ ಇರಲಿಲ್ಲ. ಅವಳಂತೆಯೇ ಮಣೆ ಓದಲು ಕಲಿತಿದ್ದ ಇನ್ನೊಬ್ಬ ರಜೆಯ ಮೇಲೆ ರಾಯಚೂರಿಗೆ ಹೋಗಿದ್ದ.

ಅವಳು ಮಣೆಯ ಮುಂದೆ ಕೂತು ಎಡಗೈ ಇಟ್ಟಳು. ಮೊದಲ ಒಂದು ಗಂಟೆ ಎಲ್ಲೆಲ್ಲೂ ರವೆ. ಕೆಳಗೆ ಎಡಗಡೆ ಒಂದು ಹುರಿಯಿತ್ತು, ಮೂರು ದಿನದಿಂದಲೂ ಇತ್ತು. ಹತ್ತು ಗಂಟೆಗೆ ಹತ್ತು ನಿಮಿಷವಿದ್ದಾಗ ಆ ಹುರಿಯ ಬುಡದಲ್ಲಿ ಏನೋ ಸರಿದಂತಾಯಿತು.

ನಡುಕ. ಹಾಲಿನ ಪಾತ್ರೆಯ ಕಂಠ. ಹೌದೋ ಅಲ್ಲವೋ ಎಂದು ಕೈ ಎತ್ತಿ ಗಾಳಿಯಲ್ಲಿ ಹಿಡಿದಳು. ಗಾಳಿಯಲ್ಲೂ ಬೆರಳು ಜುಮುಗುಡುತ್ತಿತ್ತು. ಮೇಜಿನ ಮೇಲಿಟ್ಟಳು, ಅಲ್ಲೂ ಜುಮುಜುಮು. ಮತ್ತೆ ಮಣೆಯ ಮೇಲಿಟ್ಟಳು. ಈಗ ಯಾವುದು ಸೂರ್ಯನದು, ಯಾವುದು ತನ್ನದು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಪಟ್ಟಿ ಬಿಚ್ಚಿ ಬಲಗೈ ಇಟ್ಟಳು. ಅದು ಬಟ್ಟೆ ಸುತ್ತಿದಂತೆ ಮೊದ್ದಾಗಿತ್ತು.

‘ಇದೆ’ ಎಂದು ಹೇಳಿ ಇಲ್ಲದೆ ಹೋದರೆ ಆ ಹೆಣ್ಣುಮಗಳ ಕೆಲಸ ಎರಡನೆಯ ಸಲ ಹಾಳು. ‘ಇಲ್ಲ’ ಎಂದು ಸುಮ್ಮನಿದ್ದು ಇದ್ದುಬಿಟ್ಟರೆ?

ಆಗ ಅವಳಿಗೆ ಮುದ್ರಣಾಲಯಕ್ಕೆ ಬರುತ್ತಿದ್ದ ಒಬ್ಬ ಹಿರಿಯರು ನೆನಪಾದರು. ಕುಷ್ಠದಿಂದ ಅವರ ಬೆರಳುಗಳು ಮರಗಟ್ಟಿದ್ದವು. ಅವರು ಪುಟವನ್ನು ಮುಖದ ಹತ್ತಿರ ತಂದು ತುಟಿಯಿಂದ ಓದುತ್ತಿದ್ದರು. ಆಗಿನ್ನೂ ಹರೆಯದಲ್ಲಿದ್ದ ಸುಗುಣಳಿಗೆ ಆ ಸಪ್ಪಳ ಕೇಳಿ ನಗು ಬರುತ್ತಿತ್ತು.

ಸುಗುಣ ಕುರ್ಚಿಯಿಂದ ಎದ್ದು, ಮಣೆಯ ಮೇಲೆ ಬಾಗಿ, ಕೆಳತುಟಿಯನ್ನು ಆ ಹುರಿಯ ಬುಡಕ್ಕೆ ತಾಕಿಸಿದಳು.

ಲೋಹ ತಣ್ಣಗಿತ್ತು. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಒಮ್ಮೆಲೇ ಎಲ್ಲವೂ ತಿಳಿಯಿತು. ಎಂಟು ತಿಂಗಳಿಂದ ಬೆರಳಿಗೆ ಮಸುಕಾಗಿದ್ದ ಎಳೆಗಳು ತುಟಿಗೆ ಒಂದೊಂದಾಗಿ ಸಿಕ್ಕವು. ಎರಡು ಎಳೆ ಒಂದನ್ನೊಂದು ಹೆಣೆದುಕೊಂಡು ಬಿಗಿಯುತ್ತಿದ್ದವು. ಅವುಗಳ ಬುಡದಲ್ಲಿ, ಒಂದೇ ಲಯದಲ್ಲಿ, ಕೂಸಿನ ನೆತ್ತಿ ಮಿಡಿಯುವಂತೆ ನಡುಕ. ಅವಳು ಮುಖವೆತ್ತಿದಳು, ತುಟಿ ಸುಮ್ಮನಾಯಿತು. ಮತ್ತೆ ಬಾಗಿದಳು, ಮತ್ತೆ ನಡುಕ.

“ಸಾರ್!” ಎಂದು ಕೂಗಿದಳು.

ಫಣೀಂದ್ರ ಓಡಿ ಬಂದರು. ಯಂತ್ರದ ಪರದೆ ಶಾಂತವಾಗಿತ್ತು. “ಎಲ್ಲಿ ಅಮ್ಮ? ಖಚಿತವಾ?”

‘ಖಚಿತ’ ಎಂದುಬಿಟ್ಟಿದ್ದರೆ ಅವರು ನಂಬುತ್ತಿದ್ದರು. ಅದು ಸುಗುಣಳಿಗೆ ಗೊತ್ತಿತ್ತು. ಅದಕ್ಕೇ ಹಾಗೆ ಹೇಳಲು ಆಗಲಿಲ್ಲ.

“ಸಾರ್, ಮೊದ್ಲು ಒಂದು ಮಾತು ಕೇಳಿ. ನನ್ನ ಬೆರಳು ಹೋಗವೆ. ದೀಪಾವಳಿಯಿಂದ ಸರಿ ಇಲ್ಲ. ಜನವರೀಲಿ ನಾ ಹೇಳಿದ್ದು ಸೂರ್ಯನ ನಡುಕ ಅಲ್ಲ ಅಂತ ಕಾಣ್ತದೆ, ನನ್ನ ಕೈದು. ನಿಮ್ಮಿಂದ ಮುಚ್ಚಿಟ್ಟೆ, ತಪ್ಪಾಯ್ತು. ಇವತ್ತು ಹೇಳ್ಬೇಕು ಅಂತಲೇ ಬಂದೆ. ಆದ್ರೆ ಈಗ ನಾ ನೋಡಿದ್ದು ಬೆರಳಲ್ಲಲ್ಲ, ತುಟೀಲಿ. ಇದು ನಿಜ ಸಾರ್. ನಂಬೋದು ಬುಡೋದು ನಿಮ್ಗೆ ಸೇರಿದ್ದು.”

ಫಣೀಂದ್ರ ಫೋನಿನ ಕಡೆ ಕೈ ಚಾಚಿ ಹಿಂದೆಗೆದರು. ಮೇಲಿನವರಿಗೆ ಫೋನ್ ಮಾಡಿದರೆ ಬೇಡವೆನ್ನುವುದು ಖಂಡಿತ. ಸಹಿ ಹಾಕಿ ಸುಳ್ಳಾದರೆ ಮಣೆಯೂ ಹೋಯಿತು, ತನ್ನ ಕೆಲಸವೂ ಹೋಯಿತು.

“ಕೂತ್ಕೊಳ್ಳಿ,” ಎಂದರು ಕೊನೆಗೆ. “ಈಗ ತರಣಿಯಿಂದ ಬರ್ತಿರೋದನ್ನ ನಿಲ್ಲಿಸಿ, ಹಳೇ ದಾಖಲೆಗಳನ್ನ ಮಣೆ ಮೇಲೆ ಹಾಕ್ತೀನಿ. ಯಾವುದು ಅಂತ ಹೇಳಲ್ಲ. ತುಟಿಯಲ್ಲೇ ನೋಡಿ ಹೇಳಿ.”

ಮಣೆ ಒಮ್ಮೆ ಕರ್ರೆಂದು ಬದಲಾಯಿತು. ಸುಗುಣ ಬಾಗಿದಳು. “ಬರೀ ರವೆ.”

ಮತ್ತೊಂದು. “ಹುರಿ ಅದೆ. ನಡುಕ ಇಲ್ಲ.”

ಮೂರನೆಯದು. ಅವಳು ಬಹಳ ಹೊತ್ತು ಬಾಗಿಯೇ ಇದ್ದಳು. “ಇದು ಸಿಡೀತದೆ. ಮೇಲ್ಗಡೆ ಬಲಕ್ಕೆ. ನಡುಕ ಬಲು ಜೋರು, ಸಿಡಿಯೋಕೆ ಮುಂಚಿನ ಕೊನೇ ಗಂಟೆ ಇರಬೇಕು.”

ನಾಲ್ಕನೆಯದಕ್ಕೆ ಅವಳು ಎರಡು ಸಲ ಬಾಗಿ ನೋಡಿದಳು. “ಇಲ್ಲೇನೂ ಇಲ್ಲ ಸಾರ್. ಹುರಿಯೊಂದದೆ, ನಿದ್ದೆ ಮಾಡ್ತಾ ಅದೆ.”

“ಅದು ಜನವರಿಯದ್ದು,” ಎಂದರು ಫಣೀಂದ್ರ ಮೆಲ್ಲಗೆ. “ನೀವು ಆವತ್ತು ನಡುಕ ಅಂದಿದ್ದ ಜಾಗ.”

ಆಮೇಲೆ ಪೆನ್ನು ಕಾಗದದ ಮೇಲೆ ಓಡಿದ ಸಪ್ಪಳ. ಫಣೀಂದ್ರ ಸಹಿ ಹಾಕಿದ್ದರು. ಗಂಟೆ ಹತ್ತೂ ಐದು.

ರೇಡಿಯೋದಲ್ಲಿ ಅನ್ವಿತಾಳ ದನಿ ಬಂತು. ಮಾತು ಅಲ್ಲಿಗೆ ಹೋಗಿ ಉತ್ತರ ಬರಲು ಮೂರು ಸೆಕೆಂಡು ಹಿಡಿಯುತ್ತಿತ್ತು.

“ವಾಪಸಾ? ಸರ್, ಈಗಷ್ಟೇ ಕೊರೆಯೋಕೆ ಶುರು ಮಾಡಿದ್ದೀವಿ. ಯಂತ್ರ ಏನನ್ನುತ್ತೆ?”

“ಯಂತ್ರಕ್ಕೆ ಇನ್ನೂ ಗೊತ್ತಾಗಿಲ್ಲ.”

“ಮತ್ತೆ ಬೆರಳಾ ಸರ್?”

“ಬೆರಳಲ್ಲಮ್ಮ. ಸಹಿ ನನ್ನದು. ಉಪಕರಣಾನ ವಾಹನದ ಒಳಗೆ ಹಾಕ್ಕೊಂಡು ಈಗಲೇ ಹೊರಡಿ. ಬಿಟ್ಟು ಬರಬೇಡಿ.”

ಮೂರು ಸೆಕೆಂಡು ಕಳೆಯಿತು. ಇನ್ನೂ ಮೂರು ಕಳೆಯಿತು. “ಹೊರಡ್ತೀವಿ,” ಎಂದಳು ಅವಳು. ಆ ದನಿಯಲ್ಲಿ ಸುಸ್ತಿತ್ತು.

ಆಮೇಲಿನ ಮೂರು ಗಂಟೆ ಬಹಳ ದೀರ್ಘವಾಗಿತ್ತು. ಮೇಲಿನವರ ಫೋನ್ ಎರಡು ಸಲ ಬಂತು. ಫಣೀಂದ್ರ ಎರಡೂ ಸಲ “ಹೌದು ಸರ್, ಯಂತ್ರದಲ್ಲಿ ಏನೂ ಇಲ್ಲ. ಹೌದು, ನನ್ನದೇ ಹೊಣೆ” ಎಂದರು. ಸುಗುಣ ಹತ್ತು ನಿಮಿಷಕ್ಕೊಮ್ಮೆ ಮಣೆಗೆ ಬಾಗುತ್ತಿದ್ದಳು. ನಡುಕ ಹೆಚ್ಚುತ್ತಿತ್ತು, ಒಮ್ಮೊಮ್ಮೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅವಳು ತುಟಿ ಎತ್ತದೆ ಕಾಯುತ್ತಿದ್ದಳು. ಹನ್ನೆರಡಕ್ಕೆ ಪೂರಾ ಇಪ್ಪತ್ತು ನಿಮಿಷ ಅದು ನಿಂತೇಬಿಟ್ಟಿತು. ಫಣೀಂದ್ರ ಅವಳ ಪಕ್ಕದಲ್ಲಿ ಒಂದು ಲೋಟ ಮಜ್ಜಿಗೆ ಇಟ್ಟು ಹೋದರು.

ಒಂದು ಗಂಟೆ ಹತ್ತು ನಿಮಿಷಕ್ಕೆ ಯಂತ್ರ ಕೂಗಿತು.

ಆ ಕರ್ಕಶ ಸದ್ದು ಕೇಳಿ ಸುಗುಣ ಅಳತೊಡಗಿದಳು. ಆಗ ವಾಹನ ಶಿಬಿರದಿಂದ ಹತ್ತು ಕಿಲೋಮೀಟರ್ ದೂರದಲ್ಲಿತ್ತು. ಒಂದೂ ಮೂವತ್ತೆರಡಕ್ಕೆ ಇಬ್ಬರೂ ನೆಲದಡಿಯ ಮನೆಗೆ ಇಳಿದು ಬಾಗಿಲು ಹಾಕಿಕೊಂಡರು. ಒಂದೂ ಐವತ್ತಕ್ಕೆ ಸೂರ್ಯನ ಕೆಳಗಿನ ಎಡಭಾಗ ಸಿಡಿಯಿತು. ಹಿಂದಿನ ನಾಲ್ಕು ವರ್ಷದಲ್ಲೇ ಅಷ್ಟು ದೊಡ್ಡ ಸಿಡಿತ ಆಗಿರಲಿಲ್ಲ. ಸುಗುಣಳ ತುಟಿಯ ಕೆಳಗೆ ಮೊಳೆಗಳೆಲ್ಲ ಒಮ್ಮೆಲೇ ಎದ್ದು ನಿಂತವು. ಎಳೆ ಎಳೆಯಾಗಿದ್ದ ಹುರಿ ಬಿಚ್ಚಿಕೊಂಡು ಮಣೆಯ ಅಂಚು ದಾಟಿ ಹೋಯಿತು. ಎರಡೂ ಹತ್ತಕ್ಕೆ ಚಂದ್ರನ ಬಯಲಲ್ಲಿ ಕಣಗಳ ಮಳೆ ಅಳೆಯುವ ಮುಳ್ಳುಗಳು ಕೊನೆಯ ಗೆರೆ ಮುಟ್ಟಿದವು.

ಸ್ವಲ್ಪ ಹೊತ್ತಿನ ಮೇಲೆ ಅನ್ವಿತಾಳೇ ಕರೆ ಮಾಡಿದಳು. “ಸರ್, ಯಂತ್ರ ಕೂಗಿದ್ದು ಒಂದೂ ಹತ್ತಕ್ಕಂತೆ. ಅದನ್ನೇ ಕಾದಿದ್ರೆ ನಾವು ಈಗ ಅರ್ಧ ದಾರೀಲೂ ಇರ್ತಿರಲಿಲ್ಲ. ಆ ಅಮ್ಮ ಅಲ್ಲೇ ಇದ್ದಾರಾ?”

ಸುಗುಣ ಮೈಕಿನ ಹತ್ತಿರ ಬಂದಳು. ಆ ಹುಡುಗಿಗೆ ಧನ್ಯವಾದ ಹೇಳಲು ಅವಕಾಶವನ್ನೇ ಕೊಡದೆ, “ಅವ್ವಾ, ಜನವರೀಲಿ ನಿನ್ನ ಕೆಲಸ ಹಾಳಾಗಿದ್ದು ನನ್ನಿಂದ” ಎಂದಳು. “ಕೈ ಕೆಟ್ಟಿದ್ದು ಗೊತ್ತಿದ್ದೂ ನಾ ಸುಮ್ನಿದ್ದೆ. ನನ್ನ ಕ್ಷಮಿಸ್ಬುಡು.”

ಆ ಕಡೆ ಲೋಟವೊಂದನ್ನು ಕೆಳಗಿಟ್ಟ ಸದ್ದು ಬಂತು.

“ತುಂಬಾ ಸಿಟ್ಟಿತ್ತು ನಂಗೆ ನಿಮ್ಮ ಮೇಲೆ,” ಎಂದಳು ಅನ್ವಿತಾ. “ಸುಳ್ಳು ಹೇಳಲ್ಲ, ಈಗಲೂ ಸ್ವಲ್ಪ ಇದೆ. ಆದ್ರೆ ಇರ್ಫಾನ್ ಇಲ್ಲೇ ಕೂತು ಅನ್ನ ಸಾರು ತಿಂತಿದ್ದಾನೆ. ಉಪಕರಣಾನೂ ಪಕ್ಕದಲ್ಲೇ ಇದೆ, ಇನ್ನೊಂದು ದಿನ ಹೂಳ್ತೀವಿ. ಆವತ್ತು ನೀವೇ ಕೂತಿರ್ಬೇಕು ಅಮ್ಮ. ಬೆರಳಾದ್ರೂ ಸರಿ, ತುಟಿಯಾದ್ರೂ ಸರಿ.”

ಕರೆ ಮುಗಿದ ಮೇಲೆ ಫಣೀಂದ್ರ ಹೇಳಿದರು, “ನೀವು ಮುಚ್ಚಿಟ್ಟಿದ್ದನ್ನ ನಾನು ವರದಿಯಲ್ಲಿ ಬರೀಲೇಬೇಕು ಅಮ್ಮ.”

“ಬರೀರಿ ಸಾರ್. ಬರೀದೆ ಇರ್ಬೇಡಿ.”

“ನಾಲ್ಕು ಸಲ ಪರೀಕ್ಷೆ ಮಾಡಿ ನಾಲ್ಕೂ ಸರಿ ಹೇಳಿದ್ದನ್ನೂ ಬರೀತೀನಿ. ನಾಳೆಯಿಂದ ಮಣೆಯ ಎತ್ತರ ಬದಲಾಯಿಸ್ಬೇಕು. ಹೀಗೆ ಬಾಗಿ ಕೂತ್ರೆ ನಿಮ್ಮ ಬೆನ್ನು ಹೋಗುತ್ತೆ.” ಅವರು ಮಜ್ಜಿಗೆಯ ಲೋಟ ಎತ್ತಿಕೊಂಡರು. “ಆಮೇಲೆ, ನಮ್ಮ ಖರ್ಚಲ್ಲಿ ಡಾಕ್ಟರ ಹತ್ರ ಹೋಗ್ತೀರಿ. ಇದು ನನ್ನ ಆಜ್ಞೆ.”

ಸಿಡಿತದಿಂದಾಗಿ ಉಪಗ್ರಹಗಳ ಸಂಕೇತ ಏರುಪೇರಾಗಿ, ಅವುಗಳ ಮಾತು ಕೇಳಿಕೊಂಡು ತಾವೇ ಓಡುತ್ತಿದ್ದ ಊರಿನ ಬಸ್ಸುಗಳೆಲ್ಲ ಇದ್ದಲ್ಲೇ ನಿಂತಿದ್ದವು. ಮಧ್ಯಾಹ್ನ ಮೂರಕ್ಕೆ ಸುಗುಣ ಗೇಟಿನ ಹೊರಗೆ ಬಂದಾಗ ಮಾದೇಶನ ಬೀಡಿಯ ವಾಸನೆ ಮೂಗಿಗೆ ಬಿತ್ತು. ಬಸ್ಸಿಲ್ಲದ್ದು ತಿಳಿದು ಅವನು ಉದ್ಯಾನದಿಂದ ಆರು ಕಿಲೋಮೀಟರ್ ನಡೆದೇ ಬಂದಿದ್ದ.

“ಹೇಳ್ದಾ?” ಎಂದು ಕೇಳಿದ.

“ಹೇಳ್ದೆ.”

“ಏನಂದ್ರು?”

“ನಾಳೆ ಬನ್ನಿ ಅಂದ್ರು.”

ಮಾದೇಶ ಅವಳ ಚೀಲ ಇಸಿದುಕೊಂಡ. ಅವಳು ಅವನ ಮೊಣಕೈ ಹಿಡಿದಳು, ಇಬ್ಬರೂ ಊರ ಕಡೆ ನಡೆದರು. ರಸ್ತೆ ನಿಶ್ಶಬ್ದವಾಗಿತ್ತು. ಮದುವೆಯಾದ ದಿನದಿಂದ ಅವಳಿಗೆ ದಾರಿಯಲ್ಲಿದ್ದುದನ್ನೆಲ್ಲ ಹೇಳಿಕೊಂಡು ಹೋಗುವುದು ಮಾದೇಶನ ಅಭ್ಯಾಸ. ಇವತ್ತೂ ಹೇಳುತ್ತಿದ್ದ: ಬಸ್ಸೊಂದು ಅಡ್ಡಡ್ಡ ನಿಂತದೆ, ಹತ್ತು ಜನ ಹೊಂಗೆ ಮರದ ನೆರಳಲ್ಲಿ ಕೂತವರೆ, ಒಬ್ಬ ಕಳ್ಳೆಕಾಯಿ ಮಾರ್ತಾವ್ನೆ. ಸ್ವಲ್ಪ ದೂರ ಹೋದ ಮೇಲೆ ಅವನ ಮಾತು ನಿಂತಿತು. ಅವನು ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದಾನೆಂದು ಅವಳಿಗೆ ಮೊಣಕೈಯಿಂದಲೇ ತಿಳಿಯಿತು.

“ಅಷ್ಟು ದೊಡ್ಡದಾಗಿ ಸಿಡೀತು ಅಂತಾರೆ,” ಎಂದ ಅವನು ಕಣ್ಣೊರೆಸಿಕೊಳ್ಳುತ್ತ. “ನಂಗೇನೂ ಕಾಣಾಕಿಲ್ಲ ಕನಮ್ಮಿ. ದಿನದಂಗೇ ಅದೆ. ನೀರು ಬರ್ತಾ ಅದೆ ಕಣ್ಣಲ್ಲಿ, ಅಷ್ಟೆ.”

“ನೋಡ್ಬೇಡಿ, ಕಣ್ಣು ಕೆಡ್ತದೆ. ನಾ ಹೇಳ್ತೀನಿ ಕೇಳಿ.”

ಅವಳು ಮೊದಲಿನಿಂದ ಶುರುಮಾಡಿದಳು. ರವೆಯಂತೆ ಮಲಗಿದ್ದ ಬಯಲು, ಅದರ ಅಂಚಿನಲ್ಲಿ ಎರಡು ಎಳೆ ಒಂದನ್ನೊಂದು ತಬ್ಬಿಕೊಂಡದ್ದು, ಅವುಗಳ ಬುಡ ಮಿಡಿದದ್ದು. ಮಾದೇಶ ಮಾಲಿಯ ಕುತೂಹಲದಿಂದ ಕೇಳುತ್ತಿದ್ದ. ಬುಡ ಎಷ್ಟು ದಪ್ಪ, ಎಳೆ ಎಷ್ಟುದ್ದ, ಬಿಚ್ಚಿಕೊಂಡಾಗ ಬಳ್ಳಿಯಂತೆ ಬಿತ್ತೋ ಅಥವಾ ಮೇಲಕ್ಕೆ ಹೋಯಿತೋ ಎಂದು ಕೇಳಿದ. ಕೆಲವಕ್ಕೆ ಅವಳಲ್ಲಿ ಮಾತಿರಲಿಲ್ಲ. ಆಗ ಅವನ ಕೈ ತೆಗೆದುಕೊಂಡು ಅಂಗೈ ಮೇಲೆ ಉಗುರಿನಿಂದ ಎಳೆದು ತೋರಿಸಿದಳು.

“ಹುಷಾರು, ಇಲ್ಲೊಂದು ಹಳ್ಳ ಅದೆ,” ಎಂದು ಅವನು ಅವಳನ್ನು ಪಕ್ಕಕ್ಕೆ ದಾಟಿಸಿದ.

“ಎಲ್ಲಿದ್ದೆ ನಾನು?”

“ಹುರಿ ಬಿಚ್ಚಿಕೊಳ್ತಾ ಇತ್ತು,” ಎಂದ ಮಾದೇಶ. “ನಿದಾನಕ್ಕೆ ಹೇಳಮ್ಮಿ. ಮನೆ ಇನ್ನೂ ದೂರ ಅದೆ.”